ಬ್ಯಾಂಡು ಬಿಟ್ಟವರ ಹಾಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಇಂಗ್ಲಿಷಿನ ರಾಕ್ ಹಾಡುಗಳ ಹುಚ್ಚು. ತರೀಕೆರೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿಕೊಂಡು, ಎರಡು ಹೊತ್ತು ಮುದ್ದೆ ಉಂಡುಕೊಂಡು, ಶನಿವಾರ ತಪ್ಪದೆ ಆಂಜನೇಯನ ಗುಡಿ ಸುತ್ತುವ ನನ್ನಂಥವನಿಗೆ ಈ ಹುಚ್ಚು ಒಪ್ಪುವುದಿಲ್ಲವೆಂದು ನನ್ನ ಹೆಂಡತಿಯೇ ಎಷ್ಟೋ ಸಲ ಹೇಳಿದ್ದಾಳೆ. ಟೇಪ್ ರೆಕಾರ್ಡರ್ ಹಾಕಿದರೆ ಸಾಕು, ಅಡುಗೆಮನೆಯಿಂದ, "ಯಾರೋ ಹೊಡೆಸ್ಕೊಂಡು ಅಳ್ತಿರೋ ಹಾಗಿದೆ ಕಣ್ರೀ, ಸಣ್ಣಗಾದ್ರೂ ಇಡಿ" ಎನ್ನುತ್ತಾಳೆ. ಅವಳ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನನಗೆ ಇಷ್ಟವಾದ ಹಾಡುಗಾರರೆಲ್ಲ ಏನನ್ನೋ ಕಳೆದುಕೊಂಡವರೇ.

ಏಕೆಂದರೆ ರಾಕ್‌ನಲ್ಲೂ ನನಗೆ ಎಲ್ಲರೂ ಬೇಡ. ನಾಲ್ಕು ಜನ ಕೂಡಿ ಕಟ್ಟಿದ ಬ್ಯಾಂಡಿನಿಂದ ಹೊರಬಿದ್ದು, ಆಮೇಲೆ ತಮ್ಮ ಹೆಸರೊಂದನ್ನೇ ನೆಚ್ಚಿಕೊಂಡು ಹಾಡಿದವರು ಬೇಕು. ಬ್ಯಾಂಡಿನಲ್ಲಿದ್ದಾಗ ಅವರು ಹಾಡಿದ್ದೇ ಚೆನ್ನಾಗಿತ್ತು ಎಂದು ತಿಳಿದವರು ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಚೆನ್ನಾಗಿರುವುದು ಬೇರೆ, ಹತ್ತಿರವಾಗುವುದು ಬೇರೆ. ಈ ರುಚಿ ಎಲ್ಲಿಂದ ಬಂತೆಂದು ಹೇಳಲು ಮಾತ್ರ ನಾಚಿಕೆಯಾಗುತ್ತದೆ. ನಾನೂ ಒಂದು ಬ್ಯಾಂಡು ಬಿಟ್ಟು ಬಂದವನು. ಬಿಟ್ಟಿದ್ದಕ್ಕಿಂತ ಬಿಟ್ಟ ರೀತಿ ಕೆಟ್ಟದ್ದು. ಅದರಿಂದಾಗಿ, ಬಸ್ಸು ಹತ್ತಿದರೆ ಒಂದು ಗಂಟೆಯ ದಾರಿಯಾದ ಅಜ್ಜಂಪುರಕ್ಕೆ ನಾನು ಆರು ವರ್ಷ ಕಾಲಿಡಲಿಲ್ಲ. ಅಲ್ಲಿ ನಮ್ಮ ಬ್ಯಾಂಡಿನ ರೇವಣ್ಣನಿದ್ದ.

ಹುಚ್ಚು ಹಿಡಿಸಿದವನು ಗೋಪಿನಾಥ. ಲಕ್ಕವಳ್ಳಿ ಅಣೆಕಟ್ಟಿನಲ್ಲಿ ನೀರಿನ ಮಟ್ಟ ನೋಡಿ ಬರೆದುಕೊಳ್ಳುವ ಕೆಲಸ ಅವನದು. ನೀರು ಏರುವುದೂ ಇಳಿಯುವುದೂ ಅವನ ಕೈಯಲ್ಲಿರಲಿಲ್ಲವಾದ್ದರಿಂದ ಅವನಿಗೆ ಬೇಕಾದಷ್ಟು ಬಿಡುವಿತ್ತು. ಬೊಂಬಾಯಿಯಲ್ಲಿದ್ದ ಅವನ ಭಾವ ವರ್ಷಕ್ಕೆರಡು ಸಲ ಕ್ಯಾಸೆಟ್ಟುಗಳನ್ನು ತರುತ್ತಿದ್ದರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಯಾರದ್ದೋ ರೆಕಾರ್ಡಿನಿಂದ ಇನ್ಯಾರೋ ಇಳಿಸಿಕೊಂಡು, ಅದರಿಂದ ಭಾವ ಇಳಿಸಿಕೊಂಡು ತಂದ ಕ್ಯಾಸೆಟ್ಟುಗಳು. ಅವುಗಳ ಮೇಲೆ ಚಿತ್ರವಿಲ್ಲ, ಹೆಸರಿಲ್ಲ, ಊರಿಲ್ಲ. ಭಾವನಿಗೆ ಗೊತ್ತಿದ್ದದ್ದು ಇಷ್ಟೇ: "ಇದರಲ್ಲಿ ಹಾಡಿರೋನು ಮೊದಲು ಆ ಬ್ಯಾಂಡಲ್ಲಿ ಇಂಥದ್ದು ನುಡಿಸ್ತಿದ್ದ, ಆಮೇಲೆ ಬಿಟ್ಟ."

ಹೆಸರಿಲ್ಲದ ಮೇಲೆ ಹೆಸರಿಡಬೇಕಲ್ಲ. ಗೋಪಿ ಅಚ್ಚುಕಟ್ಟಾಗಿ ಕಾಗದ ಕತ್ತರಿಸಿ ಅಂಟಿಸಿ, ನೀರಿನ ಮಟ್ಟ ಬರೆಯುವ ಅದೇ ದುಂಡು ಕನ್ನಡ ಅಕ್ಷರಗಳಲ್ಲಿ ಬರೆದ. ಬ್ಯಾಂಡಿನ ಕ್ಯಾಸೆಟ್ಟಾದರೆ 'ಗುಂಪು'. ಬಿಟ್ಟುಹೋದವನ ಕ್ಯಾಸೆಟ್ಟಾದರೆ 'ಒಂಟಿ'. ಒಂಟಿಗಳೊಳಗೆ ಒಬ್ಬ 'ಮುನಿಸಿನವನು', ಒಬ್ಬ 'ದಪ್ಪ ಗಂಟಲು', ಒಬ್ಬ 'ಡ್ರಮ್ಮಿನವನು'. ಅವರು ಯಾವ ದೇಶದವರೋ, ಎಷ್ಟು ಪ್ರಸಿದ್ಧರೋ, ಇವತ್ತಿಗೂ ನನಗೆ ತಿಳಿಯದು. ತಿಳಿದವರು ಯಾರಾದರೂ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳುತ್ತೇನೆ. ಇಷ್ಟು ವರ್ಷ ಮನೆಯವರಂತೆ ಇದ್ದವರ ಜಾತಕ ಈಗ ಯಾಕೆ ಬೇಕು?

ಮುನಿಸಿನವನದು ಗಿಟಾರು. ಗುಂಪಿನಲ್ಲಿದ್ದಾಗ ಅವನ ಗಿಟಾರು ಹಾಡುವವನ ಮಾತಿಗೆಲ್ಲ ಅಡ್ಡ ಬಾಯಿ ಹಾಕುತ್ತಿತ್ತು. ಒಂಟಿಯಾದ ಮೇಲೆ ಅಡ್ಡ ಹಾಕಲು ಯಾರೂ ಇಲ್ಲ. ಆದರೂ ಅವನು ನಿಲ್ಲಿಸಲಿಲ್ಲ. ಪಂಚಾಯ್ತಿ ಮುಗಿದು ಎಲ್ಲರೂ ಹೊರಟ ಮೇಲೂ ದಾರಿಯುದ್ದಕ್ಕೂ ವಾದ ಮಾಡಿಕೊಂಡು ಹೋಗುವವನ ಹಾಗೆ ನುಡಿಸಿಯೇ ನುಡಿಸಿದ. ದಪ್ಪ ಗಂಟಲಿನವನ ಕಥೆ ಬೇರೆ. ಗುಂಪಿನ ಗದ್ದಲದ ಮೇಲೆ ಕೇಳಿಸಬೇಕೆಂದು ಕಿರುಚಿ ಕಿರುಚಿ ಅಭ್ಯಾಸವಾದವನು, ಒಂಟಿಯಾಗಿ ಮೆಲ್ಲಗೆ ಹಾಡಲು ಕಲಿತ. ಆದರೂ ಒಮ್ಮೊಮ್ಮೆ, ಯಾರೂ ಗದ್ದಲ ಮಾಡದಿದ್ದರೂ, ಸುಮ್ಮನೆ ಕಿರುಚಿಬಿಡುತ್ತಿದ್ದ.

ಇನ್ನು ಡ್ರಮ್ಮಿನವನು. ಬಹಳ ವರ್ಷ ಎಲ್ಲರ ಹಿಂದೆ ಕೂತು ಬಾರಿಸಿದವನು, ಕೊನೆಗೆ ಎದ್ದು ಮುಂದೆ ಬಂದು ತಾನೇ ಹಾಡಿದ. ನಾಚಿಕೆಯ ದನಿ, ಬೇರೆಯವರ ಮನೆಯ ಪಡಸಾಲೆಯಲ್ಲಿ ಕೂತು ಹಾಡಿದಂತೆ. ರೇವಣ್ಣನಿಗೆ ಇವನೆಂದರೆ ಪ್ರಾಣ. ಇಂಗ್ಲಿಷಿನ ಒಂದಕ್ಷರ ಬಾರದ ರೇವಣ್ಣ, ಟೇಪ್ ರೆಕಾರ್ಡರಿಗೆ ಕಿವಿ ಕೊಟ್ಟು, "ಇವ್ನು ಮುಂದೆ ಬಂದವ್ನೆ ಸರಿ, ಆದ್ರೆ ಹಿಂದೆ ಯಾರ್ ಕುಂತವ್ರೆ ಅಂತ ತಿರುಗ್ ತಿರುಗ್ ನೋಡ್ತಾವ್ನೆ ಕಣೋ" ಎನ್ನುತ್ತಿದ್ದ. ಸಂಗೀತವನ್ನು ಕುರಿತು ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ರೇವಣ್ಣ ಬುಕ್ಕಾಂಬುಧಿಯವನು. ಅಜ್ಜಂಪುರದ ಪೇಟೆಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದ. ನನಗಿಂತ ನಾಲ್ಕು ವರ್ಷ ದೊಡ್ಡವನು. ನಾನು ಹಾಡುವವನು, ಗೋಪಿ ಗಿಟಾರು, ರೇವಣ್ಣ ಡ್ರಮ್ಮು. ಬ್ಯಾಂಡಿಗೆ 'ಮಿಡ್‌ನೈಟ್ ಥಂಡರ್' ಎಂದು ಹೆಸರಿಟ್ಟಿದ್ದೆವು. ಮೂವರೂ ಒಂಬತ್ತು ಹೊಡೆಯುವುದರೊಳಗೆ ನಿದ್ದೆ ಮಾಡುವವರೆಂಬುದು, ನಮ್ಮ ಕಾರ್ಯಕ್ರಮಗಳೆಲ್ಲ ಹಾಡುಹಗಲಿನ ಮದುವೆ ಆರತಕ್ಷತೆಗಳೆಂಬುದು ಹೆಸರಿಡುವಾಗ ನೆನಪಾಗಲಿಲ್ಲ. ಭಾನುವಾರ ಮಧ್ಯಾಹ್ನ ನನ್ನ ಇನ್‌ಸ್ಟಿಟ್ಯೂಟಿನಲ್ಲಿ ಟೈಪ್‌ರೈಟರುಗಳಿಗೆಲ್ಲ ಮುಸುಕು ಹಾಕಿ ಅಭ್ಯಾಸ ಮಾಡುತ್ತಿದ್ದೆವು. ಮದುವೆಗಳಲ್ಲಿ ಜನ ಕೇಳಿದ ಸಿನಿಮಾ ಹಾಡುಗಳನ್ನೇ ಹಾಡುತ್ತಿದ್ದೆವು. ನಡುವೆ ಒಂದೇ ಒಂದು ನಮ್ಮದು.

ಆ ಹಾಡು ಹುಟ್ಟಿದ್ದು ಬುಕ್ಕಾಂಬುಧಿಯ ಕೆರೆ ಕೋಡಿ ಬಿದ್ದ ವರ್ಷ. ಆ ದೊಡ್ಡ ಕೆರೆ ತುಂಬುವುದು ಅಪರೂಪ. ತುಂಬಿದಾಗ ಸುತ್ತಲ ಹಳ್ಳಿಯವರೆಲ್ಲ ನೋಡಲು ಬರುತ್ತಾರೆ. ಮಾತು ರೇವಣ್ಣನದು: "ಕೆರೆ ತುಂಬಿ ಕೋಡಿ ಬಿತ್ತು, ಊರೆಲ್ಲ ನೋಡೋಕ್ ಬಂತು, ನೀನೊಬ್ಬ ಬರಲಿಲ್ಲ." ಧಾಟಿ ನನ್ನದು, ಅಂದರೆ ಡ್ರಮ್ಮಿನವನಿಂದ ಅರ್ಧ ಎಗರಿಸಿದ್ದು. ಗಿಟಾರು ಗೋಪಿಯದು. ಕನ್ನಡದಲ್ಲಿ ರಾಕ್ ಹಾಡು ಮಾಡಿದ ಮೊದಲಿಗರು ನಾವೇ ಎಂದು ಆಗ ನಂಬಿದ್ದೆವು. ಅಲ್ಲವೆಂದು ಯಾರೂ ಹೇಳಲಿಲ್ಲ, ಏಕೆಂದರೆ ಯಾರೂ ಕೇಳಲಿಲ್ಲ.

ಒಂದು ವಿಷಯ ಹೇಳಬೇಕು. ರೇವಣ್ಣನಿಗೊಂದು ಅಭ್ಯಾಸವಿತ್ತು. ಹಾಡಿಗೆ ಮೊದಲು ಗಿಟಾರು ಒಂದು ಸುತ್ತು ನುಡಿಯುತ್ತದಲ್ಲ, ಅದು ಮುಗಿಯುವ ಹೊತ್ತಿಗೆ ಅವನು ಕೋಲಿನಿಂದ ಡ್ರಮ್ಮಿನ ಕಬ್ಬಿಣದ ಅಂಚಿಗೆ ಎರಡು ಸಲ ತಟ್ಟುತ್ತಿದ್ದ. ಟಕ್ ಟಕ್. ಅಷ್ಟೇ. ನಾನು ಹಾಡು ಎತ್ತುತ್ತಿದ್ದೆ. ಚರಣಕ್ಕೆ ಮೊದಲು ಮತ್ತೆ ಟಕ್ ಟಕ್. ಅದು ಅವನ ಕೈಯ ಚಟವೆಂದು ನಾನು ತಿಳಿದಿದ್ದೆ. ಒಮ್ಮೆ, "ಅದನ್ನ ಬಿಡೋ ರೇವಣ್ಣ, ಬಡಗಿ ಕೆಲಸ ಮಾಡ್ದಂಗೆ ಕೇಳುತ್ತೆ" ಎಂದೂ ಹೇಳಿದ್ದೆ. ಅವನು ನಕ್ಕು, "ಇರ್ಲಿ ಬಿಡಪ್ಪಾ" ಎಂದಿದ್ದ.

ನಾನು ಬಿಟ್ಟದ್ದು ಹೊಗಳಿಕೆಗೆ ಮರುಳಾಗಿ. ಕಡೂರಿನಲ್ಲಿ ಶಾಮಿಯಾನ, ಮೈಕ್‌ಸೆಟ್ಟುಗಳ ಮಾಲೀಕರೊಬ್ಬರು ಒಂದು ಆರತಕ್ಷತೆಯ ಬಳಿಕ ನನ್ನನ್ನು ಪಕ್ಕಕ್ಕೆ ಕರೆದು, "ಹಾಡೋರು ನೀವು ಕಣ್ರೀ. ಅವರಿಬ್ರೂ ಬರೀ ಸದ್ದು. ಒಬ್ರೇ ಬನ್ನಿ, ನುಡಿಸೋರನ್ನ ನಾನ್ ಕೊಡ್ತೀನಿ, ಬೋರ್ಡಲ್ಲಿ ನಿಮ್ ಹೆಸರೊಂದೇ ಬರೆಸ್ತೀನಿ" ಎಂದರು. ಆ ವಾರವೆಲ್ಲ ನಾನು ಒಂಟಿ ಕ್ಯಾಸೆಟ್ಟುಗಳನ್ನೇ ಕೇಳಿದೆ. ಮುನಿಸಿನವನು ಬಿಟ್ಟ, ದಪ್ಪ ಗಂಟಲು ಬಿಟ್ಟ, ಡ್ರಮ್ಮಿನವನೂ ಬಿಟ್ಟ. ದೊಡ್ಡವರಾಗುವವರು ಬಿಡಲೇಬೇಕು, ಅದು ಈ ವಿದ್ಯೆಯ ಕಟ್ಟಳೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಬೇಕಾದ ತೀರ್ಪಿಗೆ ಸಾಕ್ಷಿ ಹುಡುಕುವುದರಲ್ಲಿ ನಾನು ಯಾವ ವಕೀಲನಿಗೂ ಕಡಿಮೆಯಿಲ್ಲ.

ಬಿಡುವುದಾದರೆ ಅಜ್ಜಂಪುರಕ್ಕೆ ಹೋಗಿ, ಅಂಗಡಿಯ ಮೆಟ್ಟಿಲ ಮೇಲೆ ಕೂತು, ಎದುರಿಗೆ ಹೇಳಬೇಕಿತ್ತು. ನಾನು ಟೈಪಿಂಗ್ ಮೇಷ್ಟ್ರು. ಕಾಗದ ಟೈಪು ಮಾಡಿದೆ. ವಿದ್ಯಾರ್ಥಿಗಳಿಗೆ ದಿನಾ ಅಭ್ಯಾಸಕ್ಕೆ ಕೊಡುತ್ತಿದ್ದ ಇಂಗ್ಲಿಷ್ ರಾಜೀನಾಮೆ ಪತ್ರದ ಮಾದರಿಯೊಂದಿತ್ತು. ಕೆಲಸ ಬಿಡುವವನು ಮೇಲಧಿಕಾರಿಗೆ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವಂಥದ್ದು. ಎಡಗಡೆ ಅಂಚು ಹತ್ತಕ್ಕೆ ಇಟ್ಟು, ಒಂದು ಅಕ್ಷರ ತಪ್ಪದೆ, ಕಾರ್ಬನ್ ಹಾಕಿ ಎರಡು ಪ್ರತಿ ತೆಗೆದೆ. ಮೊದಲನೆಯದು ರೇವಣ್ಣನಿಗೆ, ಕಾರ್ಬನ್ ಪ್ರತಿ ಗೋಪಿಗೆ. ಕೆಳಗೆ ಪೂರ್ತಿ ಹೆಸರಿನ ಸಹಿ. ಅಂಚೆಗೆ ಹಾಕಿ ಬಂದು, ನೀಟಾಗಿ ಆಯಿತೆಂದು ಕಾಫಿ ಕುಡಿದೆ.

ಆಮೇಲೆ ಗೋಪಿ ಹೇಳಿದ. ರೇವಣ್ಣ ಆ ಕಾಗದವನ್ನು ಹಿಡಿದುಕೊಂಡು ಅಂಚೆ ಹಂಚುವವರ ಬಳಿಯೇ ಓದಿಸಲು ಹೋದನಂತೆ. ಅವರು ಬಿಡಿಬಿಡಿಯಾಗಿ ಓದಿ, ತಲೆಬುಡ ಸಿಗದೆ, ಹೈಸ್ಕೂಲಿನ ಮೇಷ್ಟರೊಬ್ಬರ ಹತ್ತಿರ ಕಳಿಸಿದರಂತೆ. ಸರ್ಕಾರಿ ಕಾಗದವೆಂದು ಹೆದರಿಕೊಂಡೇ ಹೋಗಿದ್ದನಂತೆ. ಮೇಷ್ಟರು ಶಾಲೆಯ ಜಗಲಿಯ ಮೇಲೆ, ನಾಲ್ಕು ಜನರ ಎದುರಿಗೆ, ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದರಂತೆ: ನಿಮ್ಮ ಸ್ನೇಹಿತರು ಇನ್ನು ನಿಮ್ಮ ಜೊತೆ ಹಾಡುವುದಿಲ್ಲ. ಇದನ್ನು ಕೇಳಿದ ದಿನದಿಂದ ನನಗೆ ಆ ಜಗಲಿ ಕಣ್ಣಿಗೆ ಕಟ್ಟಿದಂತಿದೆ. ನಾನು ಅದನ್ನು ನೋಡಿಯೇ ಇಲ್ಲ, ಆದರೂ ಅದರ ಕಂಬಗಳನ್ನು ಬೇಕಾದರೆ ಎಣಿಸಿ ಹೇಳಬಲ್ಲೆ.

ನನ್ನ ಒಂಟಿ ಜೀವನ ಶುರುವಾದದ್ದು ಕಡೂರಿನ ಒಂದು ಛತ್ರದಲ್ಲಿ. ಮಾಲೀಕರು ಕೊಟ್ಟ ವಾದ್ಯದವರು ನಮ್ಮವರಿಬ್ಬರಿಗಿಂತ, ಅಂದರೆ ರೇವಣ್ಣ ಗೋಪಿಗಳಿಗಿಂತ, ಎಷ್ಟೋ ಪಳಗಿದವರು. ಸಿನಿಮಾ ಹಾಡುಗಳು ಹೇಗೋ ದಾಟಿದವು, ಅವುಗಳ ಜಾಡು ಎಲ್ಲರಿಗೂ ಗೊತ್ತು. ಆಮೇಲೆ ಮೈಕಿನಲ್ಲಿ, "ಈಗ ಗಾಯಕರ ಸ್ವಂತ ರಚನೆ" ಎಂದು ಸಾರಿದರು. ಕೆರೆಯ ಹಾಡು. ರೇವಣ್ಣನ ಮಾತುಗಳು ನನ್ನ ಸ್ವಂತ ರಚನೆಯಾದವು, ನಾನು ಬಾಯಿಬಿಡದೆ ನಿಂತೆ. ಗಿಟಾರು ಒಂದು ಸುತ್ತು ನುಡಿದು ಮುಗಿಸಿತು. ನಾನು ಕಾದೆ. ಎರಡನೆಯ ಸುತ್ತು ಮುಗಿಯಿತು. ಕ್ಲಾರಿಯೊನೆಟ್ಟಿನವರು ನನ್ನ ಮುಖ ನೋಡಿದರು. ನಾನು ಇನ್ನೂ ಕಾಯುತ್ತಿದ್ದೆ. ಏನನ್ನು ಕಾಯುತ್ತಿದ್ದೇನೆಂದು ಮೂರನೆಯ ಸುತ್ತಿನ ನಡುವೆ ಹೊಳೆಯಿತು.

ಟಕ್ ಟಕ್.

ಅದು ಕೈಯ ಚಟವಾಗಿರಲಿಲ್ಲ. ನನಗೆ ಲೆಕ್ಕ ಬರುತ್ತಿರಲಿಲ್ಲ. ಮೊದಲಿನಿಂದಲೂ ನಾನು ಅರ್ಧ ಕ್ಷಣ ಮುಂಚೆ ನುಗ್ಗುವವನು. ರೇವಣ್ಣ ಅದನ್ನು ಕಂಡುಕೊಂಡು, ನನಗೂ ಹೇಳದೆ, ಸಭೆಗೂ ತಿಳಿಯದಂತೆ, ಪ್ರತಿ ಹಾಡಿನಲ್ಲೂ ನನ್ನನ್ನು ಕೈಹಿಡಿದು ಒಳಗೆ ಕರೆದುಕೊಳ್ಳುತ್ತಿದ್ದ. ಅದನ್ನೇ ನಾನು ಬಡಗಿ ಕೆಲಸ ಎಂದಿದ್ದೆ. ಕಡೂರಿನ ಆ ವೇದಿಕೆಯ ಮೇಲೆ ನಾನು ಕೊನೆಗೂ ಬಾಯಿ ತೆರೆದದ್ದು ಸಂಪೂರ್ಣ ತಪ್ಪು ಜಾಗದಲ್ಲಿ. ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದ್ದರಿಂದ ಜನ ಎದ್ದು ಹೋದರು, ಮಾನ ಉಳಿಯಿತು. ಇನ್ನೂ ಮೂರು ಕಡೆ ಹಾಡಿದೆ. ಕೊನೆಯದು ಹಿರೇನಲ್ಲೂರಿನಲ್ಲಿ. ಅಲ್ಲಿಗೆ ಒಂದೇ ಲಗ್ನದ ಕಾಲದಲ್ಲಿ ನನ್ನ ಒಂಟಿ ಜೀವನ ಹುಟ್ಟಿ, ಬೆಳೆದು, ತೀರಿಕೊಂಡಿತು.

ನಮ್ಮ ಕಡೆಯ ಕಛೇರಿಗಳಲ್ಲಿ ತನಿ ಆವರ್ತನ ಎಂದೊಂದು ಭಾಗವಿದೆ. ತಮಿಳಿನ 'ತನಿ' ಎಂದರೆ ಒಂಟಿ. ಹಾಡುವವರು, ಪಿಟೀಲಿನವರು ಎಲ್ಲರೂ ನಿಲ್ಲಿಸಿ ಮೃದಂಗದವರಿಗೆ ಜಾಗ ಬಿಟ್ಟುಕೊಡುತ್ತಾರೆ. ಮೃದಂಗದವರು ತಮಗೆ ಬಂದ ವಿದ್ಯೆಯನ್ನೆಲ್ಲ ಸುರಿಯುತ್ತಾರೆ. ಜನ ಅವರ ಕೈಯನ್ನೇ ನೋಡುತ್ತಾರೆ. ನಾನು ಈಗ ಮುಖ್ಯ ಗಾಯಕರ ತೊಡೆಯನ್ನು ನೋಡುತ್ತೇನೆ. ಅವರು ಬಾಯಿ ಮುಚ್ಚಿ, ಒಂದು ಬಡಿತವೂ ತಪ್ಪದಂತೆ ತಾಳ ಹಾಕುತ್ತಾ ಕೂತಿರುತ್ತಾರೆ. ಒಂಟಿಯಾಗಿ ನುಡಿಸುವವನಿಗಾಗಿ ಇನ್ನೊಬ್ಬ ಎಣಿಸುತ್ತಿರಬೇಕು. ಇದನ್ನು ತಿಳಿದ ಹಿರಿಯರು ಕಛೇರಿಯಲ್ಲೇ ಅದಕ್ಕೆ ಜಾಗ ಮಾಡಿಟ್ಟರು. ನನಗೆ ತಿಳಿಯಲು ಕಡೂರಿಗೆ ಹೋಗಿ ಅವಮಾನಪಡಬೇಕಾಯಿತು.

ತಿಳಿದ ಮೇಲಾದರೂ ಅಜ್ಜಂಪುರಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಮೊದಲ ತಿಂಗಳು ನಾಚಿಕೆ. ಆರು ತಿಂಗಳಾದ ಮೇಲೆ, ಇಷ್ಟು ದಿನ ಹೋಗದೆ ಈಗ ಹೇಗೆ ಹೋಗುವುದೆಂಬ ಇನ್ನೊಂದು ನಾಚಿಕೆ. ಹೀಗೆ ನಾಚಿಕೆಯೂ ಬೆಳೆಯುತ್ತಾ ಹೋಗುತ್ತದೆ. ಗೋಪಿ ಇಬ್ಬರ ಮನೆಗೂ ಬರುತ್ತಿದ್ದ, ಆ ಕಾಗದದ ಸಂಗತಿಯೊಂದನ್ನು ಬಿಟ್ಟರೆ ಒಬ್ಬರ ಮಾತು ಇನ್ನೊಬ್ಬರ ಹತ್ತಿರ ಎತ್ತುತ್ತಿರಲಿಲ್ಲ. ಸಂಜೆ ನಾನು ಒಂಟಿ ಕ್ಯಾಸೆಟ್ಟು ಕೇಳುತ್ತಿದ್ದೆ. ಮೊದಲು ಅವುಗಳಲ್ಲಿ ಧೈರ್ಯ ಕೇಳಿಸುತ್ತಿತ್ತು. ಈಗ ಬೇರೆಯದೇ ಕೇಳಿಸತೊಡಗಿತು. ಪ್ರತಿ ಹಾಡಿನಲ್ಲೂ ಎಲ್ಲೋ ಒಂದು ಕಡೆ, ಮೊದಲಿನ ಗೆಳೆಯ ನುಡಿಸುತ್ತಿದ್ದ ಜಾಗ ಖಾಲಿ ಬಿದ್ದಿರುತ್ತಿತ್ತು. ಹಾಡುವವನು ಅದರ ಸುತ್ತ ಹುಷಾರಾಗಿ ನಡೆಯುತ್ತಿದ್ದ.

ಮೊನ್ನೆ ಗೋಪಿಗೆ ದೂರದ ಇನ್ನೊಂದು ಅಣೆಕಟ್ಟಿಗೆ ವರ್ಗವಾಯಿತು. ಹೊರಡುವ ಮುನ್ನ ಬಂದು, ಬಿಸ್ಕತ್ತಿನ ತಗಡಿನ ಡಬ್ಬವೊಂದನ್ನು ನನ್ನ ಮೇಜಿನ ಮೇಲಿಟ್ಟ. "ಎಲ್ಲಾ ಕ್ಯಾಸೆಟ್ಟೂ ನಿನಗೇ ಇರಲಿ. ಅಲ್ಲಿ ಕರೆಂಟೇ ಇರಲ್ವಂತೆ" ಎಂದ. ಅವನು ಹೋದ ಮೇಲೆ ತೆಗೆದು ನೋಡಿದೆ. ಗುಂಪು, ಗುಂಪು, ಒಂಟಿ, ಒಂಟಿ. ತಳದಲ್ಲಿ ಒಂದು ನಾನು ಕಾಣದ ಕ್ಯಾಸೆಟ್ಟು. ಅದೇ ದುಂಡು ಅಕ್ಷರಗಳಲ್ಲಿ 'ಮೂವರು' ಎಂದು ಬರೆದಿತ್ತು.

ಹಾಕಿದೆ. ಹಿಂದೆಲ್ಲೋ ಮೋಟರು ತಿರುಗುವ ಗುಂಯ್ ಸದ್ದು. ರೇವಣ್ಣನ ಅಂಗಡಿ. ನಾನಿದ್ದಾಗ ನಾವೆಂದೂ ಅಲ್ಲಿ ಅಭ್ಯಾಸ ಮಾಡಿರಲಿಲ್ಲ, ಹಾಗಾದರೆ ಇದು ನಾನು ಬಿಟ್ಟ ಮೇಲಿನದು. ಗೋಪಿ ಗಿಟಾರು ಶುರುಮಾಡಿದ. ಕೆರೆಯ ಹಾಡು. ಒಂದು ಸುತ್ತು ಮುಗಿಯಿತು. ಟಕ್ ಟಕ್. ಆಮೇಲೆ ಹಾಡಿಲ್ಲ. ಹಾಡುವವನೇ ಇಲ್ಲವಲ್ಲ. ಡ್ರಮ್ಮು ತಗ್ಗಿದ ದನಿಯಲ್ಲಿ, ಹಾಡಿಗೆ ಒತ್ತು ಕೊಡುವಂತೆಯೇ ಸಾಗಿತು. ಗಿಟಾರು ನಡುವೆ ಏನೋ ಸೇರಿಸಲು ಹೋದಾಗ ರೇವಣ್ಣನ ದನಿ: "ಗೋಪಿ, ಅಲ್ ನುಡಿಸ್ಬ್ಯಾಡ. ಅದು ಅವ್ನ ಜಾಗ." ಪಲ್ಲವಿಯಷ್ಟು ಹೊತ್ತು ಖಾಲಿ ಹೋಯಿತು. ಚರಣಕ್ಕೆ ಮೊದಲು ಮತ್ತೆ ಟಕ್ ಟಕ್. ಮತ್ತೆ ಅಷ್ಟೇ ಉದ್ದದ ಖಾಲಿ. ನಾನು ಕುರ್ಚಿಯ ಮೇಲೆ ಕೂತು ಅತ್ತೆ. ಹೆಂಡತಿ ಬಂದು ಬಾಗಿಲಲ್ಲಿ ನಿಂತಳು, ಆವತ್ತು ಸಣ್ಣಗಿಡಿ ಎನ್ನಲಿಲ್ಲ.

ಭಾನುವಾರ ಮೊದಲ ಬಸ್ಸು ಹತ್ತಿದೆ. ಅಂಗಡಿ ಅದೇ ಜಾಗದಲ್ಲಿತ್ತು, ತಂತಿಗೆ ಬಳಿಯುವ ವಾರ್ನಿಷ್ ವಾಸನೆ ಬೀದಿಯವರೆಗೂ ಬರುತ್ತಿತ್ತು. ರೇವಣ್ಣ ಕೂತು ತಾಮ್ರದ ತಂತಿ ಸುತ್ತುತ್ತಿದ್ದ. ತಲೆ ಅರ್ಧ ನರೆತಿತ್ತು. "ಮೂವತ್ತೆಂಟು, ಮೂವತ್ತೊಂಬತ್ತು..." ತಂತಿ ಸುತ್ತುವಾಗ ಎಣಿಕೆ ತಪ್ಪಬಾರದು, ತಪ್ಪಿದರೆ ಮೋಟರು ಮತ್ತೆ ಸುಡುತ್ತದೆ. ಅವನು ಕತ್ತೆತ್ತಿ ನನ್ನನ್ನು ನೋಡಿದ. ಎಣಿಕೆ ನಿಲ್ಲಲಿಲ್ಲ. ನಾನು ಬಾಗಿಲಲ್ಲಿ ನಿಂತೆ. ಅರವತ್ತಕ್ಕೆ ಮುಗಿಸಿ, ನೂಲಿನಿಂದ ಬಿಗಿದು ಕಟ್ಟಿ, ಪಕ್ಕಕ್ಕಿಟ್ಟ.

"ಆ ಕಾಗ್ದ ಇಂಗ್ಲಿಷ್ನಾಗೆ ಯಾಕೋ ಬರ್ದೆ, ಸೀನ?"

ಆರು ವರ್ಷದಿಂದ ಕಾಯ್ದಿಟ್ಟ ಪ್ರಶ್ನೆ. "ಕನ್ನಡದಲ್ಲಿ ಬರೆಯೋಕೆ ಧೈರ್ಯ ಸಾಲಲಿಲ್ಲ ರೇವಣ್ಣ" ಎಂದೆ. "ತಪ್ಪಾಯ್ತು."

ಅವನು ಹಳೆಯ ಬಟ್ಟೆಯೊಂದಕ್ಕೆ ಕೈ ಒರೆಸಿಕೊಂಡ. ನಾನು ಚೀಲದಿಂದ ಕ್ಯಾಸೆಟ್ಟು ತೆಗೆದು ತೋರಿಸಿದೆ. "ನಾನು ಹೋದ್ಮೇಲೂ ತಟ್ಟಿದೀಯಲ್ಲ. ಯಾರಿಗೆ ತಟ್ತಿದ್ದೆ?"

"ಕಾಗ್ದ ನಂಗೆ ಓದಿ ಹೇಳಿದ್ರು. ಕೈಗೆ ಯಾರ್ ಓದಿ ಹೇಳ್ತಾರೆ?" ಎಂದ ರೇವಣ್ಣ. "ನೀನ್ ಹೋಗಿದೀಯ ಅಂತ ಅದುಕ್ಕಿನ್ನೂ ಗೊತ್ತಾಗಿಲ್ಲ ಕಣೋ."

ಹೀಗೆಂದವನೇ, ಪಕ್ಕದಲ್ಲಿದ್ದ ಮರದ ಸುತ್ತಿಗೆ ತೆಗೆದುಕೊಂಡು ಎದುರಿಗಿದ್ದ ಖಾಲಿ ಮೋಟರಿನ ಮೈ ಮೇಲೆ ಮೆಲ್ಲಗೆ ಲಯ ಹಿಡಿದ. ಗಿಟಾರಿಲ್ಲ, ಮೈಕಿಲ್ಲ. ಬೀದಿಯಲ್ಲಿ ಯಾರೋ ಜೋಡಿ ಹೋರಿ ಹೊಡೆದುಕೊಂಡು ಹೋಗುತ್ತಿದ್ದರು. ಒಂದು ಸುತ್ತು ಆಗುವಷ್ಟು ಹೊತ್ತು ನಾನು ಮನಸ್ಸಿನಲ್ಲಿ ಎಣಿಸಿದೆ. ಟಕ್ ಎಂದು ಒಂದು ಸಲ ತಟ್ಟುವಷ್ಟರಲ್ಲೇ ಎತ್ತಿಕೊಂಡೆ: "ಕೆರೆ ತುಂಬಿ ಕೋಡಿ ಬಿತ್ತು..."

ಸುತ್ತಿಗೆ ನಿಂತಿತು. ರೇವಣ್ಣ ನನ್ನ ಮುಖ ನೋಡಿ, ಆರು ವರ್ಷದಲ್ಲಿ ಮೊದಲ ಸಲ ನಕ್ಕ.

"ಇನ್ನೂ ಮುಂಚೇನೇ ಬಂದ್ಬಿಡ್ತೀಯಲ್ಲೋ" ಎಂದು, ಮತ್ತೆ ಮೊದಲಿನಿಂದ ತಟ್ಟತೊಡಗಿದ.